ಇಮಾಮ್, ಪಾಸ್ಟರ್ ಮತ್ತು ಕಡುನಾದ ಎರಡು ದಡ

ಒಂದೇ ಕೋಣೆಯಲ್ಲಿ ಇಬ್ಬರು ಮಲಗಿದ್ದಾರೆ. ಒಬ್ಬರು ಮಸೀದಿಯ ಇಮಾಮ್, ಇನ್ನೊಬ್ಬರು ಚರ್ಚಿನ ಪಾಸ್ಟರ್. ಹಗಲೆಲ್ಲ ಜೊತೆಯಾಗಿ ಊರೂರು ಸುತ್ತಿ ಶಾಂತಿಯ ಮಾತಾಡಿ ಬಂದವರು. ಇಮಾಮರಿಗೆ ನಿದ್ದೆ ಹತ್ತಿದೆ, ಪಾಸ್ಟರಿಗೆ ಹತ್ತಿಲ್ಲ. ಪಕ್ಕದಲ್ಲೇ ದಿಂಬಿದೆ. ಅದನ್ನು ಈ ಮನುಷ್ಯನ ಮುಖದ ಮೇಲೆ ಒತ್ತಿ ಹಿಡಿದರೆ ತಾನು ಕಳೆದುಕೊಂಡ ಬಲಗೈಯ ಲೆಕ್ಕ ಚುಕ್ತಾ ಆಗುತ್ತದಲ್ಲ ಎಂಬ ಯೋಚನೆ ಪಾಸ್ಟರ ತಲೆಯಲ್ಲಿ ಸುಳಿಯುತ್ತದೆ. ಇದು ಯಾರೋ ಹೊರಿಸಿದ ಆರೋಪವಲ್ಲ. ನೈಜೀರಿಯಾದ ಪಾಸ್ಟರ್ ಜೇಮ್ಸ್ ವುಯೆ ತಾವೇ ಬಾಯಿಬಿಟ್ಟು ಹೇಳಿಕೊಂಡಿರುವ ಸಂಗತಿ.

ಆ ಇಮಾಮ್ ಮುಹಮ್ಮದ್ ಅಶಾಫಾ. ಈ ಇಬ್ಬರನ್ನು ಕುರಿತು 2006ರಲ್ಲಿ ಬಂದ ‘ದಿ ಇಮಾಮ್ ಅಂಡ್ ದಿ ಪಾಸ್ಟರ್’ ಎಂಬ ಸುಮಾರು 40 ನಿಮಿಷಗಳ ಸಾಕ್ಷ್ಯಚಿತ್ರವನ್ನು ನಾವು ತೀರಾ ತಡವಾಗಿ ನೋಡಿದೆವು. ಅಲನ್ ಚಾನರ್ ಅವರ ಚಿತ್ರ. ನಿರೂಪಣೆ ಪತ್ರಕರ್ತ ರಾಗೇ ಒಮರ್ ಅವರದು. ಸರ್ವಧರ್ಮ ಸಮ್ಮೇಳನಗಳಲ್ಲಿ ಇದನ್ನು ತೋರಿಸುವುದು ಜಗತ್ತಿನಾದ್ಯಂತ ಒಂದು ವಾಡಿಕೆಯೇ ಆಗಿಬಿಟ್ಟಿದೆ. ಚಿತ್ರದ ಹಿಂದಿರುವ ‘ಇನಿಶಿಯೇಟಿವ್ಸ್ ಆಫ್ ಚೇಂಜ್’ ಎಂಬ ಸಂಸ್ಥೆ ಹಿಂದೆ ‘ಮಾರಲ್ ರೀ-ಆರ್ಮಮೆಂಟ್’ ಎಂಬ ಹೆಸರಿನಲ್ಲಿತ್ತು. ಅದನ್ನು ಹುಟ್ಟುಹಾಕಿದವರು ಅಮೆರಿಕದ ಲೂಥರನ್ ಪಾದ್ರಿ ಫ್ರಾಂಕ್ ಬುಕ್‌ಮನ್. ಪಂಚಗನಿಯಲ್ಲಿ ಅದರ ದೊಡ್ಡ ಕೇಂದ್ರವಿದೆ. ಮೊದಲು ವ್ಯಕ್ತಿ ಬದಲಾಗಬೇಕು, ಆಮೇಲೆ ಸಮಾಜ ತಾನಾಗಿ ಬದಲಾಗುತ್ತದೆ ಎಂಬುದು ಅವರ ಮೂಲ ನಂಬಿಕೆ. ಈ ನಂಬಿಕೆಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಚಿತ್ರದ ಬಲವೂ ಅದೇ, ದೌರ್ಬಲ್ಯವೂ ಅದೇ.

ಮೊದಲು ಬಲದ ಮಾತು. 1992ರಲ್ಲಿ ಕಡುನಾ ರಾಜ್ಯದ ಜಂಗೋನ್ ಕಟಾಫ್ ಎಂಬಲ್ಲಿ ಸಂತೆಯ ಜಾಗದ ವಿಚಾರಕ್ಕೆ ಹತ್ತಿದ ಕಿಡಿ ಇಡೀ ರಾಜ್ಯಕ್ಕೆ ಹಬ್ಬಿತು. ಆ ಹೊಡೆದಾಟದಲ್ಲಿ ವುಯೆ ಬಲಗೈ ಕಳೆದುಕೊಂಡರು. ಅಶಾಫಾ ತಮ್ಮ ವೃದ್ಧ ಗುರುವನ್ನೂ ಇಬ್ಬರು ದಾಯಾದಿ ಸಹೋದರರನ್ನೂ ಕಳೆದುಕೊಂಡರು. ಇಬ್ಬರೂ ಆಗ ತಂತಮ್ಮ ಸಮುದಾಯದ ಯುವಕರನ್ನು ಬೀದಿಗಿಳಿಸುತ್ತಿದ್ದ ನಾಯಕರು. ಒಬ್ಬರ ಮೇಲೊಬ್ಬರು ಹಲ್ಲು ಮಸೆಯುತ್ತಿದ್ದವರು. 1995ರಲ್ಲಿ ಮಕ್ಕಳ ಲಸಿಕೆಗೆ ಸಂಬಂಧಿಸಿದ ಒಂದು ಸಭೆಯಲ್ಲಿ ಪತ್ರಕರ್ತರೊಬ್ಬರು ಇಬ್ಬರ ಕೈ ಹಿಡಿದು ಎದುರುಬದುರು ನಿಲ್ಲಿಸಿದರು. (ಅದೇ ಉತ್ತರ ನೈಜೀರಿಯಾದ ಕೆಲವು ರಾಜ್ಯಗಳು 2003ರಲ್ಲಿ ಪೋಲಿಯೊ ಲಸಿಕೆಯನ್ನೇ ಸಂಶಯದಿಂದ ನೋಡಿ ನಿಲ್ಲಿಸಿದವು. ಅಪನಂಬಿಕೆ ಎಲ್ಲೆಲ್ಲಿ ಮನೆ ಮಾಡುತ್ತದೆ ನೋಡಿ.) ಅದೇ ವರ್ಷ ಇಬ್ಬರೂ ಸೇರಿ ಕಡುನಾದಲ್ಲಿ ಅಂತರ್‌ಧರ್ಮೀಯ ಸಂಧಾನ ಕೇಂದ್ರವನ್ನು ಆರಂಭಿಸಿದರು.

ಅಶಾಫಾ ಅವರ ಮನಸ್ಸು ತಿರುಗಿದ್ದು ಒಂದು ಜುಮಾ ಖುತ್ಬಾದಿಂದ. ಪ್ರವಾದಿ ಮುಹಮ್ಮದರು(ಸ) ತಾಯಿಫ್‌ಗೆ ಹೋದಾಗ ಅಲ್ಲಿನ ಜನ ಹುಡುಗರನ್ನು ಛೂ ಬಿಟ್ಟು ಕಲ್ಲು ಹೊಡೆಸಿದ್ದು, ಕಾಲಿನಿಂದ ರಕ್ತ ಸುರಿದರೂ ಅವರು ಆ ಊರಿಗೆ ಕೇಡು ಬಯಸದೆ ಹೋದದ್ದು ಖತೀಬರ ಬಾಯಲ್ಲಿ ಬಂತು. ನಾವೆಲ್ಲ ಎಷ್ಟು ಸಲ ಕೇಳಿಲ್ಲ ಈ ಪ್ರಸಂಗವನ್ನು! ಕೇಳಿ ತಲೆದೂಗಿ, ಚಪ್ಪಲಿ ಹುಡುಕಿಕೊಂಡು ಮನೆಗೆ ಹೋಗಿದ್ದೇವೆ. ಅಶಾಫಾ ಮನೆಗೆ ಹೋಗಲಿಲ್ಲ, ವುಯೆ ಎಂಬ ಹೆಸರನ್ನು ಎದೆಯಲ್ಲಿ ಹೊತ್ತು ಒದ್ದಾಡಿದರು. ಆಚೆ ವುಯೆಯವರಿಗೂ ಇಂಥದೇ ಒಂದು ಪೆಟ್ಟು ಬಿತ್ತು. ಎದೆಯೊಳಗೆ ಇಷ್ಟು ದ್ವೇಷ ತುಂಬಿಕೊಂಡು ಯೇಸುವಿನ ಹೆಸರು ಹೇಳಲು ಬರುವುದಿಲ್ಲ ಎಂದು ಬೋಧಕರೊಬ್ಬರು ಅವರಿಗೆ ಹೇಳಿದರು. ಆದರೂ ಬದಲಾವಣೆ ಒಂದೇ ದಿನದಲ್ಲಿ ಆಗಲಿಲ್ಲ. ದಿಂಬಿನ ಪ್ರಸಂಗ ಇಬ್ಬರೂ ಜೊತೆಗೂಡಿದ ಮೇಲಿನದು. ಕೈ ಕುಲುಕಿದ ಮರುಗಳಿಗೆಯೇ ಮನಸ್ಸು ತಿಳಿಯಾಯಿತು ಎಂದು ಸುಳ್ಳು ಹೇಳದ ಪ್ರಾಮಾಣಿಕತೆಯೇ ಈ ಇಬ್ಬರ ದೊಡ್ಡತನ.

ಮೆಚ್ಚಬೇಕಾದ ಇನ್ನೊಂದು ಸಂಗತಿಯಿದೆ. ಇಬ್ಬರೂ ತಮ್ಮ ಧರ್ಮವನ್ನು ನೀರು ಬೆರೆಸಿ ತೆಳು ಮಾಡಿಕೊಂಡವರಲ್ಲ. ವುಯೆ ಅಸೆಂಬ್ಲೀಸ್ ಆಫ್ ಗಾಡ್ ಪಂಥದ ಬೋಧಕರು. ಸುವಾರ್ತೆ ಸಾರುವುದು ಅವರ ವೃತ್ತಿಯಲ್ಲ, ಕರ್ತವ್ಯ. ಅಶಾಫಾ ಅವರೂ ದಅವಾ ಕೆಲಸವನ್ನು ಬಿಟ್ಟುಕೊಟ್ಟಿಲ್ಲ. ‘ಎಲ್ಲ ಧರ್ಮವೂ ಒಂದೇ’ ಎಂಬ ಸಭೆಯ ಮಾತು ಇವರಿಂದ ಬರುವುದಿಲ್ಲ. ತನ್ನದೇ ಸತ್ಯ ಎಂದು ಗಟ್ಟಿಯಾಗಿ ನಂಬಿದವನೂ ಎದುರಿಗಿರುವವನ ಕುತ್ತಿಗೆಗೆ ಕೈ ಹಾಕದೆ ಬದುಕಬಲ್ಲನೇ ಎಂಬ ಕಷ್ಟದ ಪ್ರಶ್ನೆಯನ್ನು ಅವರು ಎತ್ತಿಕೊಂಡಿದ್ದಾರೆ. ನಮ್ಮ ಸೌಹಾರ್ದ ಸಭೆಗಳಲ್ಲಿ ಈ ಪ್ರಶ್ನೆಯನ್ನು ವೇದಿಕೆ ಹತ್ತಿಸುವುದೇ ಇಲ್ಲ. ಶಾಲು ಹೊದಿಸಿ, ಪಾಯಸ ಕುಡಿದು ಮುಗಿಸುತ್ತೇವೆ.

ಇನ್ನು ಚಿತ್ರ ಬಿಟ್ಟುಬಿಟ್ಟದ್ದು. ಚಿತ್ರ ನೋಡಿದವರಿಗೆ ಇದು ಇಬ್ಬರು ಗಂಡಸರ ಜಗಳ, ಇಬ್ಬರು ಗಂಡಸರ ರಾಜಿ ಎಂದೇ ಅನಿಸುತ್ತದೆ. ಜಗಳ ಯಾಕೆ ಹುಟ್ಟಿತು ಎಂಬುದಕ್ಕೆ ದೊರೆಯುವ ಉತ್ತರ ‘ದ್ವೇಷ’. ಅದು ಉತ್ತರವಲ್ಲ.

ಕಡುನಾ ರಾಜ್ಯದ ದಕ್ಷಿಣ ಭಾಗದ ಬೆಟ್ಟಗುಡ್ಡಗಳಲ್ಲಿ ಅತ್ಯಾಪ್ ಮುಂತಾದ ಅನೇಕ ಸಣ್ಣ ಬುಡಕಟ್ಟುಗಳಿವೆ. 1903ರಲ್ಲಿ ಸೊಕೋಟೊ ಗೆದ್ದ ಲುಗಾರ್ಡ್ ಇಸ್ಲಾಮಿನ ವಿಚಾರದಲ್ಲಿ ಕೈ ಹಾಕುವುದಿಲ್ಲ ಎಂದು ಅಮೀರರಿಗೆ ಮಾತು ಕೊಟ್ಟ. ಮುಂದೆ ಬ್ರಿಟಿಷರು ಅಮೀರರ ಮೂಲಕವೇ ಆಳಿದರು. ಎಂದೂ ಮುಸ್ಲಿಮರಾಗಿರದ ಈ ಬುಡಕಟ್ಟುಗಳನ್ನು ಜಾರಿಯಾದ ಅಮೀರರ ಕೈಕೆಳಗೆ ಇಟ್ಟರು. ತೆರಿಗೆ ಎತ್ತಲು, ನ್ಯಾಯ ಹೇಳಲು ಹೌಸಾ-ಫುಲಾನಿ ಅಧಿಕಾರಿಗಳು ಬಂದರು. ಅಮೀರರ ಸೀಮೆಗೆ ಮಿಶನರಿಗಳು ಸುಲಭವಾಗಿ ಕಾಲಿಡದಂತೆ ತಡೆದದ್ದೂ ಅದೇ ಬ್ರಿಟಿಷ್ ಸರಕಾರ. ಹೀಗಾಗಿ ಮಿಶನ್ ಹೋದದ್ದು ಬೆಟ್ಟದ ಜನರ ಬಳಿಗೆ. ಅಲ್ಲಿ ಶಾಲೆ ತೆರೆಯಿತು, ಓದು ಕಲಿಸಿತು. ಅಮೀರನ ಅಧಿಕಾರಿಯ ಮುಂದೆ ತಲೆ ಎತ್ತಿ ನಿಲ್ಲಲು ಆ ಜನರಿಗೆ ಒಂದು ಹೆಸರು ಬೇಕಿತ್ತು, ಶಿಲುಬೆ ಆ ಹೆಸರು ಕೊಟ್ಟಿತು.

ಇಲ್ಲಿ ನಾವು ನಮ್ಮನ್ನೇ ಸ್ವಲ್ಪ ಕೇಳಿಕೊಳ್ಳಬೇಕಾಗುತ್ತದೆ. ಮಿಶನರಿ ಎಂದರೆ ಸಾಮ್ರಾಜ್ಯಶಾಹಿಯ ಮುಂಗಾವಲು ಎಂಬ ಮಾತನ್ನು ಮುಸ್ಲಿಂ ಲೇಖಕರು ಕಣ್ಣುಮುಚ್ಚಿ ಬರೆಯುತ್ತಾರೆ. ನಮ್ಮ ಪುಟಗಳಂಥ ಪುಟಗಳಲ್ಲಿಯೂ ಇಂಥ ಬರಹ ಅಪರೂಪವೇನಲ್ಲ. ಹಲವು ದೇಶಗಳ ಮಟ್ಟಿಗೆ ಅದು ನಿಜವೂ ಹೌದು. ಉತ್ತರ ನೈಜೀರಿಯಾದಲ್ಲಿ ಮಾತ್ರ ಸಾಮ್ರಾಜ್ಯ ಕೈ ಹಿಡಿದದ್ದು ಅಮೀರನನ್ನು, ಪಾದ್ರಿಯನ್ನಲ್ಲ. ದಕ್ಷಿಣ ಕಡುನಾದ ರೈತ ಮುಸ್ಲಿಂ ಆಡಳಿತವನ್ನು ನೆನಪಿಟ್ಟುಕೊಂಡಿರುವುದು ಜಮೀನು ಮತ್ತು ತೆರಿಗೆಯ ಲೆಕ್ಕದಲ್ಲಿ. ಈ ಕಥೆಯನ್ನು ಹೇಳದೆ 1992ನ್ನು ಅರ್ಥಮಾಡಿಸಲಾಗದು. ಅತ್ಯಾಪರಿಗೆ ಅವರದೇ ಅರಸೊತ್ತಿಗೆ ಸಿಕ್ಕಿದ್ದು 1995ರಲ್ಲಿ, ಅಷ್ಟು ಹೆಣ ಬಿದ್ದ ಮೇಲೆ.

ಹಾಗೆಂದು ಮಿಶನನ್ನೂ ಬರೀ ಬಡವರ ಬಂಧು ಎಂದು ಬಿಡುವಂತಿಲ್ಲ. ಸೂಡಾನ್ ಇಂಟೀರಿಯರ್ ಮಿಶನ್ನಿನ ಮೊದಲ ಮೂವರು ಯುವಕರು 1893ರಲ್ಲಿ ಲಾಗೋಸ್‌ಗೆ ಬಂದಿಳಿದರು. ವರ್ಷದೊಳಗೆ ಅವರಲ್ಲಿ ಗೋವನ್ಸ್, ಕೆಂಟ್ ಇಬ್ಬರೂ ತೀರಿಕೊಂಡರು. ಮುಂದೆ ಅದೇ ಮಿಶನ್ ಕಾನೋ, ಕಟ್ಸೀನಾ, ಸೊಕೋಟೊಗಳಲ್ಲಿ ಕುಷ್ಠರೋಗಿಗಳ ಆರೈಕೆ ನಡೆಸಿತು, ಕಾನೋದಲ್ಲಿ ಕಣ್ಣಿನ ಆಸ್ಪತ್ರೆ ಕಟ್ಟಿತು. ಮುಸ್ಲಿಮರೇ ಹೆಚ್ಚಾಗಿರುವ ಊರುಗಳಲ್ಲಿ ಅವರ ಮದ್ದಿಗೆ ಬಾಗಿಲು ತೆರೆಯಿತು, ಬೋಧನೆಗೆ ಅಷ್ಟು ಸುಲಭದಲ್ಲಿ ತೆರೆಯಲಿಲ್ಲ. ಆದರೆ ಆ ಮಿಶನ್ನಿನಿಂದ ಹುಟ್ಟಿದ ಚರ್ಚು ಇಂದು ಇಟ್ಟುಕೊಂಡಿರುವ ಹೆಸರಿನ ಅರ್ಥವೇ ‘ಎಲ್ಲರನ್ನೂ ಗೆಲ್ಲುವ ಸುವಾರ್ತಾ ಸಭೆ’ ಎಂದು. ಗೆಲ್ಲುವವರಿದ್ದರೆ ಸೋಲುವವರೂ ಇರಬೇಕಲ್ಲ. 1987ರಲ್ಲಿ ಕಫಂಚಾನಿನ ಒಂದು ಕಾಲೇಜಿನಲ್ಲಿ ಇಸ್ಲಾಮಿನಿಂದ ಮತಾಂತರಗೊಂಡ ಬೋಧಕನೊಬ್ಬ ಕುರ್‌ಆನನ್ನು ತಪ್ಪಾಗಿ ಉದ್ಧರಿಸಿದ ಎಂಬ ಆರೋಪದಿಂದ ಶುರುವಾದ ಗಲಭೆ ರಾಜ್ಯದ ಇತರ ಪಟ್ಟಣಗಳಿಗೂ ಹರಡಿ ಚರ್ಚುಗಳು, ಮಸೀದಿಗಳು ಉರಿದವು. ಬೋಧನೆಯ ಭಾಷೆಯೇ ಯುದ್ಧದ ಭಾಷೆಯಾದರೆ ಏನಾಗುತ್ತದೆ ಎಂಬುದನ್ನು ಕಡುನಾ ಅಷ್ಟು ಮೊದಲೇ ಕಂಡಿತ್ತು.

ಚಿತ್ರ ಹೋಗುವ ಇನ್ನೊಂದು ಊರು ಪ್ಲೇಟೋ ರಾಜ್ಯದ ಯೆಲ್ವಾ. 2004ರ ಫೆಬ್ರವರಿಯಲ್ಲಿ ಅಲ್ಲಿ 70ಕ್ಕೂ ಹೆಚ್ಚು ಕ್ರೈಸ್ತರನ್ನು ಕೊಂದರು. ಹಲವರು ಸತ್ತದ್ದು ಚರ್ಚಿನ ಆವರಣದಲ್ಲೇ. ಮೇ ತಿಂಗಳಲ್ಲಿ ಅದಕ್ಕೆ ಪ್ರತೀಕಾರವಾಗಿ ಮುಸ್ಲಿಮರ ಮೇಲೆ ದಾಳಿ ನಡೆಯಿತು. ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆಯ ಲೆಕ್ಕದಲ್ಲಿ ಸತ್ತವರು ಸುಮಾರು 700. ಇಷ್ಟಾದ ಮೇಲೆ ಅಶಾಫಾ ಮತ್ತು ವುಯೆ ಅಲ್ಲಿಗೆ ಹೋಗಿ ಎರಡೂ ಕಡೆಯವರನ್ನು ಒಂದೇ ಕೋಣೆಯಲ್ಲಿ ಕೂರಿಸಿ ಕುರ್‌ಆನ್ ಮತ್ತು ಬೈಬಲ್ ಎರಡನ್ನೂ ಬಿಚ್ಚಿ ಮಾತಾಡಿಸಿದ್ದು ಸಣ್ಣ ಕೆಲಸವಲ್ಲ. ಬೆಂಕಿಯ ಮುಂದೆ ಹೋಗಿ ನಿಂತವರನ್ನು ದೂರದ ಕುರ್ಚಿಯಲ್ಲಿ ಕೂತು ಟೀಕಿಸುವುದು ನಮಗೆ ಹಿತವೆನಿಸುವುದಿಲ್ಲ. ಆದರೂ ಹೇಳಬೇಕಾದ ಮಾತಿದೆ: ಯೆಲ್ವಾದ ಜಗಳದಲ್ಲಿ ಧರ್ಮದಷ್ಟೇ ದೊಡ್ಡ ವಿಷಯ ‘ಈ ನೆಲ ಯಾರದು’ ಎಂಬುದು. ನೈಜೀರಿಯಾದಲ್ಲಿ ಸ್ಥಳೀಯ ಆಡಳಿತ ‘ಮೂಲನಿವಾಸಿ’ ಎಂಬ ಪ್ರಮಾಣಪತ್ರ ಕೊಡುತ್ತದೆ. ಅದಿಲ್ಲದವರಿಗೆ ಸರಕಾರಿ ನೌಕರಿ, ವಿದ್ಯಾರ್ಥಿವೇತನ ಎಲ್ಲಕ್ಕೂ ತೊಡಕು. ಮೂರು ತಲೆಮಾರಿನಿಂದ ಅಲ್ಲೇ ಹುಟ್ಟಿ ಬೆಳೆದವನೂ ‘ಹೊರಗಿನವ’ನಾಗಿಯೇ ಸಾಯಬಹುದು. ಇಮಾಮರು ಕ್ಷಮೆ ಕಲಿಸಬಲ್ಲರು, ಆ ಚೀಟಿ ಕೊಡಿಸಲಾರರು.

ಇದಕ್ಕೆ ಪುರಾವೆ ಅವರದೇ ಎರಡನೇ ಚಿತ್ರದಲ್ಲಿದೆ. 2010ರಲ್ಲಿ ಬಂದ ‘ಆನ್ ಆಫ್ರಿಕನ್ ಆನ್ಸರ್’ ಇವರಿಬ್ಬರ ಕೀನ್ಯಾ ಕೆಲಸದ ಚಿತ್ರ. 2007ರ ಡಿಸೆಂಬರಿನ ಚುನಾವಣೆಯ ನಂತರ ಅಲ್ಲಿ ಸಾವಿರಕ್ಕೂ ಹೆಚ್ಚು ಜನ ಸತ್ತರು. 2008ರ ಜನವರಿ 1ರಂದು ಕಿಯಾಂಬಾ ಎಂಬಲ್ಲಿ ಆಶ್ರಯ ಬಯಸಿ ಚರ್ಚಿನೊಳಗೆ ಹೊಕ್ಕ ಕಿಕುಯು ಹೆಂಗಸರು ಮಕ್ಕಳನ್ನು ಒಳಗಿಟ್ಟೇ ಚರ್ಚಿಗೆ ಬೆಂಕಿ ಹಚ್ಚಿದರು; ಸುಮಾರು 30 ಮಂದಿ ಸುಟ್ಟುಹೋದರು. ಅದು ವುಯೆಯವರ ಪಂಥದ್ದೇ ಚರ್ಚು. ಕಿಕುಯು, ಕಲೆಂಜಿನ್ ಎರಡೂ ಕಡೆಯವರು ಬಹುಪಾಲು ಕ್ರೈಸ್ತರು. ಅಲ್ಲಿ ರಾಜಿ ಮಾಡಿಸಲು ಒಬ್ಬ ಇಮಾಮ್ ಹೋಗಬೇಕಾಯಿತು! ಜಮೀನು ಯಾರದು, ಓಟು ಯಾರಿಗೆ ಎಂಬ ಜಗಳಕ್ಕೆ ಧರ್ಮದ ಬಟ್ಟೆ ಇಲ್ಲದಿದ್ದರೂ ನಡೆಯುತ್ತದೆ ಎಂಬುದನ್ನು ಈ ಎರಡನೇ ಚಿತ್ರ, ಬಹುಶಃ ತನಗೇ ಗೊತ್ತಿಲ್ಲದಂತೆ, ತೋರಿಸಿಕೊಟ್ಟಿದೆ. ನಮ್ಮ ದೃಷ್ಟಿಯಲ್ಲಿ ಎರಡರಲ್ಲಿ ಇದೇ ಒಳ್ಳೆಯ ಚಿತ್ರ. ಹೆಸರು ಮಾಡಿದ್ದು ಮೊದಲನೆಯದು.

ಹೊರಗಿನಿಂದ ಬಂದ ಚರ್ಚಿನ ಶಾಂತಿಯತ್ನಗಳಿಗೂ ಇದೇ ಮಾತು ಅನ್ವಯಿಸುತ್ತದೆ. 2000ದಲ್ಲಿ ಶರೀಅತ್ ಜಾರಿಯ ಪರ-ವಿರೋಧದ ಗಲಭೆಯಲ್ಲಿ ಕಡುನಾದಲ್ಲಿ ಸತ್ತವರು ಎರಡು ಸಾವಿರದಷ್ಟು ಎಂಬ ಅಂದಾಜಿದೆ. ಎರಡನೇ ಮಹಾಯುದ್ಧದಲ್ಲಿ, 1940ರಲ್ಲಿ, ಬಾಂಬಿಗೆ ಸಿಕ್ಕಿ ಬಿದ್ದ ಇಂಗ್ಲೆಂಡಿನ ಕಾವೆಂಟ್ರಿ ಕೆಥೆಡ್ರಲ್ ಆ ಬಳಿಕ ಸಂಧಾನವನ್ನೇ ತನ್ನ ಮಿಶನ್ ಮಾಡಿಕೊಂಡಿತು. ಅಲ್ಲಿನ ಪಾದ್ರಿ ಆಂಡ್ರ್ಯೂ ವೈಟ್ ಅವರ ಮಧ್ಯಸ್ಥಿಕೆಯೂ ಸೇರಿ 2002ರ ಆಗಸ್ಟಿನಲ್ಲಿ ಎರಡೂ ಧರ್ಮದ ಮುಖಂಡರು ಕಡುನಾ ಶಾಂತಿ ಘೋಷಣೆಗೆ ಸಹಿ ಹಾಕಿದರು. ಮೂರೇ ತಿಂಗಳಲ್ಲಿ ವಿಶ್ವಸುಂದರಿ ಸ್ಪರ್ಧೆಯ ಕುರಿತ ಒಂದು ಪತ್ರಿಕಾ ಬರಹಕ್ಕೆ ಅದೇ ಕಡುನಾ ಹೊತ್ತಿ ಉರಿಯಿತು, ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಘೋಷಣೆ ಇಲ್ಲದಿದ್ದರೆ ಇನ್ನೂ ಹೆಚ್ಚು ಸಾಯುತ್ತಿದ್ದರು ಎನ್ನುವವರಿದ್ದಾರೆ. ಇರಬಹುದು. 2011ರ ಚುನಾವಣೆಯ ನಂತರ ಉತ್ತರದ ರಾಜ್ಯಗಳಲ್ಲಿ ಮೂರು ದಿನದಲ್ಲಿ 800ಕ್ಕೂ ಹೆಚ್ಚು ಜನ ಸತ್ತಾಗ ಹೆಚ್ಚು ಹಾನಿಯಾದದ್ದು ಮತ್ತೆ ಕಡುನಾದಲ್ಲೇ. ಹೌಸಾ ಭಾಷೆಯಲ್ಲಿ ಕಡುನಾ ಎಂದರೆ ಮೊಸಳೆಗಳು ಎನ್ನುತ್ತಾರೆ. ಪಟ್ಟಣದ ನಡುವೆ ಆ ಹೆಸರಿನ ನದಿ ಹರಿಯುತ್ತದೆ. 2000ದ ನಂತರ ಉತ್ತರ ದಡದಲ್ಲಿ ಹೆಚ್ಚಾಗಿ ಮುಸ್ಲಿಮರು, ದಕ್ಷಿಣ ದಡದಲ್ಲಿ ಹೆಚ್ಚಾಗಿ ಕ್ರೈಸ್ತರು ಎಂದಾಗಿಹೋಗಿದೆ. ಇಮಾಮ್ ಮತ್ತು ಪಾಸ್ಟರ್ 2025ರಲ್ಲಿ ಕಾಮನ್‌ವೆಲ್ತ್ ಶಾಂತಿ ಪ್ರಶಸ್ತಿ ಪಡೆದರು. ಅವರ ಪಟ್ಟಣ ಎರಡಾಗಿಯೇ ಇದೆ.

ಕರಾವಳಿಯ ನಮಗೆ ಮಿಶನ್ ಎಂದರೆ ಬಾಸೆಲ್ ಮಿಶನ್. ಆಫ್ರಿಕಾದ ಗೋಲ್ಡ್ ಕೋಸ್ಟ್‌ಗೆ 1828ರಲ್ಲಿ ಹೋದ ಅದೇ ಮಿಶನ್ 1834ರಲ್ಲಿ ಮಂಗಳೂರಿಗೆ ಬಂತು. ಹಂಚು, ನೇಯ್ಗೆ, ‘ಮಂಗಳೂರ ಸಮಾಚಾರ’, ಕಿಟ್ಟೆಲರ ನಿಘಂಟು ಇವೆಲ್ಲ ಸೇರಿ ಮಿಶನರಿಯ ಬಗ್ಗೆ ನಮಗೊಂದು ಮೃದುವಾದ ಭಾವನೆಯಿದೆ. 2008ರ ಸೆಪ್ಟೆಂಬರಿನಲ್ಲಿ ಇಲ್ಲಿ ಚರ್ಚುಗಳ ಮೇಲೆ ದಾಳಿಯಾದಾಗ ಆ ಮೃದು ಭಾವನೆ ಯಾರನ್ನೂ ಕಾಪಾಡಲಿಲ್ಲ.

ನಾವು ಈ ಚಿತ್ರ ನೋಡಿದ್ದು ಗೆಳೆಯರೊಬ್ಬರ ಮನೆಯಲ್ಲಿ, ಎಂಟು ಹತ್ತು ಮಂದಿ. ಜೊತೆಗಿದ್ದ ಪ್ರೊಟೆಸ್ಟೆಂಟ್ ಕುಟುಂಬದ ಒಬ್ಬ ನಿವೃತ್ತ ಟೀಚರ್ ಚಿತ್ರ ಮುಗಿದ ಮೇಲೆ ಕೇಳಿದರು: “ಆ ಬೆಟ್ಟದವರು ಚರ್ಚಿಗೂ ಮಸೀದಿಗೂ ಬರುವ ಮೊದಲು ಏನೋ ಒಂದನ್ನು ನಂಬಿದ್ದರಲ್ಲ, ಅವರು ಎಲ್ಲಿ ಹೋದರು?” ಯಾರಿಂದಲೂ ಉತ್ತರ ಬರಲಿಲ್ಲ. ಒಬ್ಬ ಉಸ್ತಾದರು, ಇದನ್ನು ನಮ್ಮ ಹುಡುಗರಿಗೂ ತೋರಿಸಬೇಕು ಎಂದರು. ಎಲ್ಲಿ ತೋರಿಸುವುದು ಎಂಬ ಮಾತು ಬಂತು. ಮದ್ರಸಾ ಹಾಲ್ ಎಂದರೆ ಆ ಕಡೆಯ ಹುಡುಗರ ಮನೆಯವರು ಕಳಿಸುವುದಿಲ್ಲ. ಚರ್ಚ್ ಹಾಲ್ ಎಂದರೆ ನಮ್ಮವರು ಹಿಂಜರಿಯುತ್ತಾರೆ. ಅರ್ಧ ಗಂಟೆ ಚರ್ಚೆಯಾಗಿ ಕೊನೆಗೆ ಒಂದು ಶಾಲೆಯ ಕೋಣೆ ಗೊತ್ತಾಯಿತು. ಶುಕ್ರವಾರ ಬೇಡ, ಭಾನುವಾರ ಬೇಡ, ಶನಿವಾರ ಸಂಜೆ ಎಂದು ನಿಶ್ಚಯಿಸಿ, ಅಸರ್ ನಮಾಝಿನ ನಂತರ ಶುರು ಮಾಡಿದರೆ ಸಾಕು ಎಂದು ಟೀಚರೇ ಹೇಳಿದರು.