ಅಳಿವೆಯಲ್ಲಿ ಕಳ್ಳ ಯಾರು, ದೊರೆ ಯಾರು?

ಕಡಲ್ಗಳ್ಳರ ಕಥೆಗಳ ರುಚಿ ಹತ್ತಿದವರು ಕೆರಿಬಿಯನ್ ದ್ವೀಪಗಳವರೆಗೆ ಹೋಗಬೇಕಿಲ್ಲ. ನಮ್ಮ ಸಾಸಲಿನಂಥ ಬಯಲುಸೀಮೆಯ ಊರಿನವರೂ ಬೆಂಗಳೂರಿಗೆ ಬಂದು ರಾತ್ರಿ ಬಸ್ಸು ಹಿಡಿದರೆ ಮರುದಿನ ಬೆಳಿಗ್ಗೆ ಹೊನ್ನಾವರದಲ್ಲಿರಬಹುದು. ಶರಾವತಿ ಕಡಲು ಸೇರುವ ಆ ಅಳಿವೆಯನ್ನು ಕಣ್ಣಾರೆ ಕಂಡ ಮೇಲೆ ಹಳೆಯ ಪ್ರವಾಸಿಗರ ಬರಹಗಳನ್ನು ಓದುವ ಬಗೆಯೇ ಬದಲಾಗುತ್ತದೆ.

ಮೊದಲು ಅಳಿವೆಯ ಸ್ವಭಾವ ತಿಳಿಯಬೇಕು. ನದಿ ತಂದ ಹೂಳು, ಕಡಲು ತಳ್ಳಿದ ಮರಳು ಸೇರಿ ಅಲ್ಲಿ ದಿಬ್ಬ ಕಟ್ಟುತ್ತವೆ. ಭರತದ ಹೊತ್ತು ನೋಡಿ, ದಾರಿ ಬಲ್ಲವರ ನೆರವಿನಿಂದಲೇ ದೊಡ್ಡ ಹಡಗು ಒಳಗೆ ಬರಬೇಕು. ಸಣ್ಣ ದೋಣಿಗಳಿಗೆ ಆ ತೊಡಕಿಲ್ಲ. ಹೊರಗೆ ಹಾಯುವ ಹಡಗಿನ ಮೇಲೆ ನುಗ್ಗಿ, ಬೆನ್ನಟ್ಟಿ ಬಂದವರ ಕಣ್ತಪ್ಪಿಸಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ ಮರೆಯಾಗಬಹುದು.

14ನೇ ಶತಮಾನದಲ್ಲಿ ಪ್ರವಾಸಿ ಇಬ್ನ್ ಬತೂತಾ ಇಂಥ ದಾಳಿಯನ್ನು ಸ್ವತಃ ಅನುಭವಿಸಿದ. ಹೊನ್ನಾವರಕ್ಕೂ ಬಾರಕೂರಿಗೂ ನಡುವಿನ ಒಂದು ದ್ವೀಪದ ಬಳಿ ಹನ್ನೆರಡು ಹಡಗುಗಳು ಅವನನ್ನು ಮುತ್ತಿದವು; ಉಟ್ಟ ಷರಾಯಿಯೊಂದನ್ನು ಬಿಟ್ಟು ಎಲ್ಲವನ್ನೂ ದೋಚಿದವು. ಇದೇ ಕರಾವಳಿಯ ಇನ್ನೊಂದು ಪದ್ಧತಿಯನ್ನೂ ಅವನು ಬರೆದಿಟ್ಟಿದ್ದಾನೆ. ಹಾದುಹೋಗುವ ಹಡಗು ಬಂದರಿನಲ್ಲಿ ನಿಂತು ದೊರೆಗೆ ಕಾಣಿಕೆ ಕೊಡಬೇಕು. ತಪ್ಪಿಸಿಕೊಂಡರೆ ಬೆನ್ನಟ್ಟಿ ಎಳೆತಂದು ಇಮ್ಮಡಿ ಸುಂಕ ಕೀಳುತ್ತಿದ್ದರು. ಅಟ್ಟಿ ಬರುವ ದೋಣಿ ದರೋಡೆಯದೋ ಸುಂಕದ್ದೋ, ಹಡಗಿನಲ್ಲಿದ್ದವನಿಗೆ ಹೇಗೆ ತಿಳಿಯಬೇಕು?

ಹೊನ್ನಾವರದ ತಿಮ್ಮೋಜನ ಬದುಕಿನಲ್ಲಿ ಈ ಎರಡೂ ಪಾತ್ರಗಳಿವೆ. ಪೋರ್ಚುಗೀಸರ ಬರಹಗಳಲ್ಲಿ ಅವನು ಮೊದಲು ಕಾಣುವುದು ಕಡಲ್ಗಳ್ಳನಾಗಿ. ದೋಣಿಗಳನ್ನು ಒಂದಕ್ಕೊಂದು ಬಿಗಿದು, ಹಸಿರು ಕೊಂಬೆಗಳನ್ನು ಹೊದಿಸಿ, ತೇಲುವ ತೆಪ್ಪದಂತೆ ಕಾಣಿಸಿ ಅಂಜುದೀವ ದ್ವೀಪದ ಬಳಿ ವಾಸ್ಕೋ ಡ ಗಾಮನ ಮೇಲೆ ಬಂದನೆಂದು ಅವರು ಬರೆದರು. 1505ರಲ್ಲಿ ಪೋರ್ಚುಗೀಸ್ ನಾಯಕ ಅಲ್ಮೇಡಾ ಹೊನ್ನಾವರದಲ್ಲಿ ಹಡಗುಗಳನ್ನು ಸುಟ್ಟ. ಐದೇ ವರ್ಷಗಳಲ್ಲಿ ಗಾಳಿ ತಿರುಗಿತು. 1510ರಲ್ಲಿ ಗೋವೆಯ ಮೇಲೆ ಬೀಳಲು ಪೋರ್ಚುಗೀಸರ ಮುಂದಿನ ನಾಯಕ ಅಲ್ಬುಕರ್ಕನಿಗೆ ಸಲಹೆ ಕೊಟ್ಟು ಜೊತೆಗೆ ಹೋದವನು ಇದೇ ತಿಮ್ಮೋಜ. ಗೆದ್ದ ಮೇಲೆ ಅಲ್ಲಿನ ಕಂದಾಯ ವಸೂಲಿಯೂ ಅವನ ಕೈಗೇ ಬಂತು.

ಕಳ್ಳಸಾಗಣೆಯ ಕಥೆಯೂ ಹೀಗೆಯೇ. ಘಟ್ಟದ ಮೆಣಸು ಗೇರುಸೊಪ್ಪೆಯಿಂದ ಶರಾವತಿಯ ದೋಣಿಗಳಲ್ಲಿ ಹೊನ್ನಾವರಕ್ಕೆ ಇಳಿಯುತ್ತಿತ್ತು. ಪೋರ್ಚುಗೀಸರು ಮೆಣಸಿನ ವ್ಯಾಪಾರ ತಮ್ಮದೆಂದು ಸಾರಿ, ತಮ್ಮ ರಹದಾರಿ ಪತ್ರವಿಲ್ಲದ ಹಡಗುಗಳನ್ನು ವಶಪಡಿಸಿಕೊಳ್ಳತೊಡಗಿದರು. ಅಜ್ಜ ಮುತ್ತಜ್ಜಂದಿರ ಕಾಲದಿಂದ ನಡೆದ ವಹಿವಾಟು ಒಮ್ಮೆಲೇ ಕಳ್ಳಮಾಲಾಯಿತು. ಮೆಣಸಿನ ರಾಣಿಯೆಂದು ಅವರೇ ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ನಾಡಿನ ವ್ಯಾಪಾರಿ, ತನ್ನ ಮನೆಯಂಗಳದ ಹೊಳೆಯಲ್ಲೇ ಪರವಾನಗಿ ಕೇಳಬೇಕಾಯಿತು.

ಹಾಗೆಂದು ಲೂಟಿಯನ್ನು ವೀರಗಾಥೆ ಮಾಡಬಾರದು. ಸರಕು, ಜೀವ ಕಳೆದುಕೊಂಡ ನಾವಿಕರ ನೋವು ನಿಜ. ಆದರೂ ಆ ನೀರಿನಲ್ಲಿ ನ್ಯಾಯ ಯಾರದೆಂದು ತೀರ್ಮಾನಿಸಿದ್ದು ಹೆಚ್ಚಾಗಿ ಫಿರಂಗಿ ಮತ್ತು ಲೇಖನಿ ಎರಡೂ ಇದ್ದವರೇ. ಆದ್ದರಿಂದ ಹಳೆಯ ಕಡತದಲ್ಲಿ ‘ಕಡಲ್ಗಳ್ಳ’ ಎಂದು ಓದಿದಾಗ ಅಲ್ಲಿಗೇ ನಿಲ್ಲಬೇಡಿ. ಹಾಗೆ ಬರೆದವನ ಹಡಗಿನಲ್ಲಿ ಏನಿತ್ತು, ಅದು ಯಾರಿಂದ ಬಂದಿತ್ತು ಎಂಬುದನ್ನೂ ಹುಡುಕಿ.