ಅನುವಾದವಿಲ್ಲದ ಕಾಶಿ

ರಾಬರ್ಟ್ ಗಾರ್ಡ್‌ನರ್ ಅವರ ‘ಫಾರೆಸ್ಟ್ ಆಫ್ ಬ್ಲಿಸ್’ (1986) ಕಾಶಿಯ ಒಂದು ದಿನವನ್ನು ಸೂರ್ಯೋದಯದಿಂದ ಮರುಸೂರ್ಯೋದಯದವರೆಗೆ ತೋರುವ ಚಲಚ್ಚಿತ್ರ. ಇದರಲ್ಲಿ ವಿವರಣೆಯಿಲ್ಲ, ಜನರಾಡುವ ಮಾತಿಗೆ ಅನುವಾದವೂ ಇಲ್ಲ. ಇದು ಮಾನವಶಾಸ್ತ್ರವೇ ಎಂದು ವಿದ್ವಾಂಸರು ವಾದಿಸಿದ್ದುಂಟು. ಚೆಂಡುಹೂವಿನ ಮಾಲೆ, ತಕ್ಕಡಿಯಲ್ಲಿ ತೂಗುವ ಚಿತೆಯ ಸೌದೆ, ಬಿದಿರಿನ ಚಟ್ಟ, ದೋಣಿಯ ಹುಟ್ಟುಗಳ ಕಿರುಗುಟ್ಟುವ ಸದ್ದು—ಇವು ಒಂದನ್ನೊಂದು ಹಿಂಬಾಲಿಸಿ ಮರಣದ ಸುತ್ತಲಿನ ದುಡಿಮೆಯನ್ನು ಅರುಹುವ ಪರಿ ಬರಿಯ ಗ್ರಂಥಕ್ಕೆ ಸುಲಭಸಾಧ್ಯವಲ್ಲವೆಂದು ನಾವು ಒಪ್ಪುತ್ತೇವೆ. ಆದರೆ ಸ್ಮಶಾನದ ಡೋಮರಾಜನಾಡಿದ ನುಡಿಯೂ ಇಲ್ಲಿ ಬರಿಯ ಧ್ವನಿ. ಹಿಂದಿಯನ್ನರಿತವನಿಗೆ ಒಂದು ಚಿತ್ರ, ಅರಿಯದವನಿಗೆ ಇನ್ನೊಂದು! ಮಕ್ಕಳ ನುಡಿಯನ್ನರಿಯದೆ ತರಗತಿಯನ್ನು ಪರೀಕ್ಷಿಸಿದವರನ್ನು ಕಂಡ ಗಡಿನಾಡ ಉಪಾಧ್ಯಾಯರಾದ ನಾವು ಈ ಕೊರತೆಯನ್ನು ಕಲೆಯೆಂದು ಮನ್ನಿಸಲಾರೆವು. ಗಾರ್ಡ್‌ನರ್ ಮತ್ತು ಸಹನಿರ್ಮಾಪಕ ಆಕೋಶ್ ಓಸ್ಟರ್ ಚಿತ್ರದ ದೃಶ್ಯಗಳನ್ನು ಕುರಿತು ನಡೆಸಿದ ಸಂಭಾಷಣೆಯ ಪುಸ್ತಕವು ಬಂದುದು 2001ರಲ್ಲಿ, ಅಂದರೆ ಹದಿನೈದು ವರ್ಷಗಳ ಮೇಲೆ.