ಸರಕ್ಕೊಂದು ಕತ್ತು ಬೇಡವೇ?

ಅಕ್ಕನ ಮಗಳು ಒಡವೆ ಡಿಸೈನಿಂಗ್ ಕೋರ್ಸ್ ಮುಗಿಸಿದಳು. ಅವಳ ಬ್ಯಾಚಿನವರ ಚಿತ್ರಗಳ ಪ್ರದರ್ಶನ ಇತ್ತು. "ಚಿಕ್ಕಮ್ಮ, ನೀನು ಬರಲೇಬೇಕು, ಆದ್ರೆ ಎಲ್ಲರೆದುರಿಗೆ ತಪ್ಪು ಹುಡುಕಬಾರದು" ಅಂತ ಮೊದಲೇ ಮಾತು ತೆಗೆದುಕೊಂಡಿದ್ದಳು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಡಂ ಆಗಿದ್ದವಳಿಗೆ ಹಾಕಿದ ಕಠಿಣ ಷರತ್ತು ಅದು. ಅಲ್ಲಿ ಬಾಯಿ ಮುಚ್ಚಿಕೊಂಡಿದ್ದೆ. ಇಲ್ಲಿ ಹೇಳುತ್ತೇನೆ.

ಸಂಸ್ಥೆಯ ಹೆಸರು ಬೇಡ. ಗೋಡೆಯ ಮೇಲೆ ಎರಡು ಬಗೆಯ ಹಾಳೆಗಳಿದ್ದವು. ಮೊದಲನೆಯದರಲ್ಲಿ ಬರೀ ಒಡವೆ. ಬೂದು ಬಣ್ಣದ ಕಾಗದ, ಅಸಲಿ ಅಳತೆ, ಎಡಗಡೆ ಮೇಲಿನಿಂದ ಬೀಳುವ ಬೆಳಕು. ಒಡವೆ ಚಿತ್ರಕಾರರು ಪಾಲಿಸುವ ರೂಢಿಯೇ ಇದು. ಕೆಂಪಿನ ಕಲ್ಲಿನ ಒಂದೊಂದು ಮುಖಕ್ಕೂ ಬೇರೆ ಬೇರೆ ಛಾಯೆ, ಮುತ್ತಿನ ಮೇಲೆ ಸೂಜಿಮೊನೆಯಷ್ಟು ಬಿಳಿ ಚುಕ್ಕೆ. ಇಪ್ಪತ್ತೊಂದು, ಇಪ್ಪತ್ತೆರಡು ವರ್ಷದ ಮಕ್ಕಳ ಕೈ ಇಷ್ಟು ಪಳಗಿದೆಯಲ್ಲ ಅಂತ ನಿಜವಾಗಿಯೂ ಖುಷಿಯಾಯಿತು.

ಎರಡನೆಯ ಬಗೆಯ ಹಾಳೆಗಳಲ್ಲಿ ಅದೇ ಒಡವೆಗಳನ್ನು ಹೆಣ್ಣಿನ ಮೈಮೇಲೆ ತೊಡಿಸಿದ್ದರು. ಕಷ್ಟ ಶುರುವಾಗಿದ್ದು ಅಲ್ಲಿಂದ. ಎಲ್ಲ ಹಾಳೆಗಳಲ್ಲೂ ಒಬ್ಬಳೇ ಹೆಂಗಸು! ಕತ್ತು ಒಂದು ಗೇಣು. ಭುಜದ ಮೂಳೆ ಕಾಣುವುದಿಲ್ಲ. ಕಿವಿ ಇರಬೇಕಾದ ಜಾಗದಲ್ಲಿ ಒಂದು ಅರ್ಧಚಂದ್ರ. ಆ ಕತ್ತಿನ ಮೇಲೆ ಸರವನ್ನು ಕತ್ತರಿಸಿ ಅಂಟಿಸಿದ ಹಾಗಿತ್ತು. ಅದಕ್ಕೆ ತೂಕವಿಲ್ಲ, ನೆರಳಿಲ್ಲ, ಎಲ್ಲೂ ಮೈಗೆ ತಾಗುತ್ತಿಲ್ಲ. ಕಲ್ಲಿನ ನೆರಳನ್ನು ಅಷ್ಟು ಚೆನ್ನಾಗಿ ಬಿಡಿಸಿದ ಹುಡುಗಿಯೇ ಆ ಸರ ಚರ್ಮದ ಮೇಲೆ ಚೆಲ್ಲುವ ನೆರಳನ್ನು ಮರೆತಿದ್ದಳು.

"ಅದು ಬರೀ ತೋರಿಸೋದಕ್ಕೆ ಚಿಕ್ಕಮ್ಮ" ಅಂದಳು ಇವಳು. ನನಗೆ ಹಾಗನ್ನಿಸಲಿಲ್ಲ.

ನಮ್ಮಪ್ಪನ ಷಷ್ಟ್ಯಬ್ದಿಗೆ ಅಮ್ಮನಿಗೆ ಜುಮುಕಿ ಮಾಡಿಸಿದ್ದೆವು. ಅಂಗಡಿಯವರು ಒಂದು ಚಿತ್ರ ತೋರಿಸಿದ್ದರು. ಹಾಲೆಯೇ ಇಲ್ಲದ ಕಿವಿಯ ಕೆಳಗೆ ಲೋಲಕದ ಹಾಗೆ ನೆಟ್ಟಗೆ ನಿಂತ ಜುಮುಕಿ. ಎಲ್ಲರಿಗೂ ಇಷ್ಟವಾಯಿತು. ಮಾಡಿಸಿಕೊಂಡು ಬಂದಮೇಲೆ ಗೊತ್ತಾಯಿತು, ತೂಕವೆಲ್ಲ ಒಂದು ಸಣ್ಣ ತಿರುಪಿನ ಮೇಲೆ. ತೂತು ಜಗ್ಗಿ ಜಗ್ಗಿ ಉದ್ದವಾಯಿತು. ಎರಡನೇ ವರ್ಷ ಯಾರದೋ ಮದುವೆಯಲ್ಲಿ ಬಲಗಿವಿ ಹರಿದೇ ಹೋಯಿತು. ಹೊಲಿಗೆ ಹಾಕಿಸಿದೆವು. ಅಮ್ಮ ಈಗಲೂ ಆ ಕಿವಿಗೆ ಒಂದು ಹರಳಿನ ಓಲೆ ಬಿಟ್ಟರೆ ಏನೂ ಹಾಕುವುದಿಲ್ಲ. ಕಿವಿಯ ಹಾಲೆಯಲ್ಲಿ ಮೃದ್ವಸ್ಥಿ ಇಲ್ಲ, ಬರೀ ಕೊಬ್ಬು ಮತ್ತು ಚರ್ಮ. ಒಂದು ಸಲ ಪೆನ್ಸಿಲ್ ಹಿಡಿದು ನಿಜವಾದ ಕಿವಿಯೊಂದನ್ನು ಅರ್ಧ ಗಂಟೆ ನೋಡಿದವರಿಗೆ ಅದು ಎಷ್ಟು ಪುಟ್ಟದು, ಎಷ್ಟು ಮೆತ್ತಗಿದೆ ಅಂತ ತಿಳಿಯುತ್ತದೆ. ಹಳೆಯ ಅಕ್ಕಸಾಲಿಗರಿಗೆ ತಿಳಿದಿತ್ತು. ಅದಕ್ಕೇ ಜುಮುಕಿಯ ಭಾರ ಕೂದಲಿಗೆ ಹಂಚುವ ಮಾಟಿ ಬಂತು. ನಾವು ಅದನ್ನು ಚೆಂದಕ್ಕೆ ಇದೆ ಅಂದುಕೊಂಡು ಕೈಬಿಟ್ಟೆವು.

ಇನ್ನು ಕತ್ತು. ಅದು ನೆಟ್ಟಗಿನ ಕಂಬ ಅಲ್ಲ, ಮುಂದಕ್ಕೆ ವಾಲಿದ ಕೊಳವೆ. ಹಿಂದುಗಡೆ ಬೆನ್ನಿನ ಗುಬುಟು ಎತ್ತರದಲ್ಲಿದೆ, ಮುಂದುಗಡೆ ಗಂಟಲ ಗುಳಿ ತಗ್ಗಿನಲ್ಲಿದೆ. ಹಾಗಾಗಿ ಅಡ್ಡಿಕೆಯಂಥ ಬಿಗಿಯಾದ ಸರವೂ ಓರೆಯಾಗಿಯೇ ಕೂರುತ್ತದೆ. ಉದ್ದನೆಯ ಹಾರವಾದರೆ ಭುಜದ ಇಳಿಜಾರಿನಲ್ಲಿ ಜಾರಿ, ಕೊರಳೆಲುಬು ಹತ್ತಿ ಇಳಿದು, ಎದೆಯ ಮೇಲೆ ಹರಿಯಬೇಕು. ಬಿಲ್ಲೆಗಳನ್ನು ಜೋಡಿಸಿದ ಹಾರಕ್ಕೆ ಆ ಎಲುಬಿನ ಹತ್ತಿರ ಮಡಚುವ ಕೊಂಡಿ ಇಲ್ಲದಿದ್ದರೆ ಬಿಲ್ಲೆ ಎದ್ದು ನಿಲ್ಲುತ್ತದೆ. ಪದಕಕ್ಕಿಂತ ಹಿಂದಿನ ಕೊಕ್ಕೆಯೇ ಭಾರವಾದರೆ ಸರ ತಿರುಗಿ ಕೊಕ್ಕೆ ಮುಂದಕ್ಕೆ ಬರುತ್ತದೆ. ಪದಕದ ಬಳೆ ತೀರಾ ಕೆಳಗಿದ್ದರೆ ಪದಕ ಮಗುಚಿಕೊಳ್ಳುತ್ತದೆ. ರಿಸೆಪ್ಷನ್ನಿನಲ್ಲಿ ಮದುಮಗಳು ಮತ್ತೆ ಮತ್ತೆ ಸರ ಸರಿಮಾಡಿಕೊಳ್ಳುವುದನ್ನು ನೀವೂ ನೋಡಿರುತ್ತೀರಿ. ನಾಚಿಕೆ ಅಂದುಕೊಳ್ಳುತ್ತೇವೆ. ಎಷ್ಟೋ ಸಲ ಅದು ಡಿಸೈನಿನ ತಪ್ಪು.

ಬಳೆಗಾರರನ್ನು ನೋಡಿ. ಎರಡು-ನಾಲ್ಕು, ಎರಡು-ಆರು ಅಂತ ಅಳತೆ ಹೇಳುತ್ತಾರಲ್ಲ, ಅದು 2 ಇಂಚಿನ ಮೇಲೆ ಹದಿನಾರರಲ್ಲಿ ನಾಲ್ಕು ಅಥವಾ ಆರು ಭಾಗ. ಆದರೆ ಅವರು ಮಣಿಕಟ್ಟು ಅಳೆಯುವುದಿಲ್ಲ. ಕೈ ಹಿಡಿದು ಗೆಣ್ಣು ಒತ್ತಿ ನೋಡುತ್ತಾರೆ. ಬಳೆ ದಾಟಬೇಕಾದದ್ದು ಅಲ್ಲಿ. ಮೈಯನ್ನು ಓದುವುದು ಅಂದರೆ ಇದೇ.

ಮೈಸೂರಿನ ಜಗನ್ಮೋಹನ ಅರಮನೆಗೆ ಹೋದರೆ ಈ ಮಾತಿನ ಎರಡು ಮುಖಗಳೂ ಒಂದೇ ಸೂರಿನಡಿ ಸಿಗುತ್ತವೆ. ಒಂದು ಕಡೆ ಮೈಸೂರು ಸಂಪ್ರದಾಯದ ಚಿತ್ರಗಳು. ಒಡವೆಯನ್ನು ಗೆಸ್ಸೋ ಹಾಕಿ ತುಸು ಉಬ್ಬಿಸಿ, ಮೇಲೆ ಚಿನ್ನದ ರೇಕು ಕೂರಿಸಿರುತ್ತಾರೆ. ಅಲ್ಲೂ ಸರ ಮೈಗೆ ಅಂಟಿಸಿದಂತೆಯೇ ಇದೆ. ಆದರೆ ಅಲ್ಲಿ ಅದು ತಪ್ಪಲ್ಲ. ಆ ಒಡವೆ ದೇವರದ್ದು. ಲಕ್ಷ್ಮಿಗೆ ಕತ್ತು ನೋಯುವುದಿಲ್ಲ, ಸರಸ್ವತಿಯ ಕಿವಿ ಹರಿಯುವುದಿಲ್ಲ. ಅಲ್ಲಿ ಚಿನ್ನ ಹೊಳೆಯಬೇಕು, ಅಷ್ಟೇ.

ಇನ್ನೊಂದು ಕಡೆ ರವಿವರ್ಮನ 'ಗ್ಯಾಲಕ್ಸಿ ಆಫ್ ಮ್ಯುಸೀಷಿಯನ್ಸ್'. 1889ರ ಸುಮಾರಿನದು. ಬೇರೆ ಬೇರೆ ಪ್ರಾಂತ್ಯದ ಉಡುಗೆಯ ಹನ್ನೊಂದು ಹೆಂಗಸರು. ಅವರ ಮುಖಗಳು ಅಕ್ಕತಂಗಿಯರ ಹಾಗಿವೆ, ಒಬ್ಬರನ್ನೊಬ್ಬರು ನೋಡುವುದೇ ಇಲ್ಲ, ಸ್ಟುಡಿಯೋದಲ್ಲಿ ಕೂರಿಸಿದ ಹಾಗಿದೆ ಎಂದು ಯಾರಾದರೂ ದೂರಿದರೆ ನಾನು ಜಗಳಕ್ಕೆ ಬರುವುದಿಲ್ಲ. ಆದರೆ ಒಡವೆ ನೋಡಿ. ಅದು ಮೈಮೇಲೆ ಕೂತಿದೆ. ಕುಳಿತವಳ ಒಡವೆ ಕುಳಿತಿದೆ, ಬಾಗಿದವಳ ಒಡವೆ ಬಾಗಿದೆ.

ಬೇಲೂರಿನ ಶಿಲ್ಪಿಗಳು ಇದನ್ನು ಅವನಿಗಿಂತ ಏಳುನೂರು ವರ್ಷಕ್ಕೂ ಹಿಂದೆ, ಬಳಪದ ಕಲ್ಲಿನಲ್ಲಿ ಮಾಡಿದ್ದರು. 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವ ಗುಡಿಯ ಮದನಿಕೆಯರನ್ನು ಸೂರಿನಡಿ ನಿಂತು ಕತ್ತೆತ್ತಿ ನೋಡಿ. ಮೈತುಂಬ ಒಡವೆ, ಅತಿ ಅನ್ನಿಸುವಷ್ಟು. ಆದರೂ ಅವಳ ಸೊಂಟ ಒಂದು ಕಡೆ ವಾಲಿದರೆ ಡಾಬೂ ಅದರ ಜೊತೆಗೇ ಓರೆಯಾಗುತ್ತದೆ, ಅದರ ಎಳೆಗಳು ತೊಡೆಯ ಮೇಲೆ ಇಳಿಯುತ್ತವೆ. ಅದನ್ನು ಕೆತ್ತಿದವನು ಮೊದಲು ನಿಂತ ಹೆಣ್ಣನ್ನು ನೋಡಿದ್ದಾನೆ, ಆಮೇಲೆ ಒಡವೆಯನ್ನು.

ಹಾಗಂತ ನಾನು ಕಂಪ್ಯೂಟರಿನ ಮೇಲೆ ಹರಿಹಾಯುವುದಿಲ್ಲ. ಒಡವೆಯ ಅಳತೆ, ತೂಕ ಎಲ್ಲ ಅದರಲ್ಲಿ ಸಲೀಸು. ಆದರೆ ಅದರಲ್ಲಿ ಮೂಡುವ ಸರ ಬಹಳ ಹೊತ್ತು ಗಾಳಿಯಲ್ಲೇ ತಿರುಗುತ್ತಿರುತ್ತದೆ. ಅದು ಯಾರ ಕತ್ತಿಗೆ ಅನ್ನುವ ಪ್ರಶ್ನೆಯನ್ನು ಡಿಸೈನ್ ಮಾಡುವವರೇ ಕೇಳಬೇಕು. ಲೈಫ್ ಡ್ರಾಯಿಂಗ್ ಅಂದರೆ ಆ ಪ್ರಶ್ನೆ ಕೇಳುವ ಅಭ್ಯಾಸ. ಎದುರಿಗೆ ಒಬ್ಬರು ಕೂತಿರುತ್ತಾರೆ, ಉಸಿರಾಡುತ್ತಾರೆ, ಕತ್ತು ಹೊರಳಿಸುತ್ತಾರೆ, ಸುಸ್ತಾಗುತ್ತಾರೆ. ಅದನ್ನೆಲ್ಲ ಗೆರೆಯಲ್ಲಿ ಹಿಡಿಯುವಾಗ ಕೈಗೆ ಬುದ್ಧಿ ಬರುತ್ತದೆ.

ಹಾಗೆ ಕೂರಿಸುವವರು ಎಳೆಯ, ತೆಳ್ಳಗಿನ ಹುಡುಗಿಯರೇ ಆಗಬೇಕಿಲ್ಲ. ಭಾರದ ಒಡವೆ ತೊಡುವವರಲ್ಲಿ ಐವತ್ತು, ಅರವತ್ತು ದಾಟಿದವರೂ ಎಷ್ಟೋ ಮಂದಿ. ಅವರ ಕತ್ತಿನಲ್ಲಿ ಮಡಿಕೆಗಳಿವೆ, ಗೆಣ್ಣು ದಪ್ಪಗಾಗಿದೆ, ಕಿವಿ ಜೋತಿದೆ. ಆ ಪ್ರದರ್ಶನದ ಯಾವ ಹಾಳೆಯಲ್ಲೂ ಅಂಥವರು ಒಬ್ಬರೂ ಇರಲಿಲ್ಲ. ನನ್ನ ನಿಜವಾದ ತಕರಾರು ಇದೇ.

ಮುಂದಿನ ಭಾನುವಾರ ಇವಳು ಮನೆಗೆ ಬಂದಾಗ ಒಂದು ದಾರಕ್ಕೆ ಬೀಗದ ಕೈ ಕಟ್ಟಿ ಅಮ್ಮನ ಕೊರಳಿಗೆ ಹಾಕಿದೆ. "ಬರಿ" ಅಂದೆ. ಅಮ್ಮ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ಅವರು ಬಾಗಿದಾಗಲೆಲ್ಲ ದಾರ ಎದೆ ಬಿಟ್ಟು ನೇರ ನೆಲದ ಕಡೆಗೆ ತೂಗುತ್ತಿತ್ತು. ಇವಳು ಮೂರು ಹಾಳೆ ಹರಿದುಹಾಕಿದಳು. ನಾಲ್ಕನೆಯದರಲ್ಲಿ ದಾರ ಸರಿಬಂತು. ಆಮೇಲೆ ಕಿವಿಗೆ ಬಂದಳು. ಬಲಗಿವಿಯ ಹೊಲಿಗೆಯ ಗುರುತು ಹತ್ತಿರ ಪೆನ್ಸಿಲ್ ನಿಂತಿತು.

"ಅಜ್ಜಿ, ಇದು ಇನ್ನೂ ನೋಯುತ್ತಾ?"

"ಚಳೀಲಿ ಒಂಚೂರು" ಅಂದರು ಅಮ್ಮ, ಕೈಯಲ್ಲಿದ್ದ ಕಾಯಿ ಸುಲಿಯುತ್ತಲೇ.

ಇವಳು ಮಾತಾಡಲಿಲ್ಲ. ಪ್ರದರ್ಶನದಲ್ಲಿಟ್ಟಿದ್ದ ತನ್ನ ಜುಮುಕಿಯ ಹಾಳೆ ತೆಗೆದು, ಅದರ ಪಕ್ಕದಲ್ಲಿ ಒಂದು ಮಾಟಿ ಬರೆಯಲು ಶುರುಮಾಡಿದಳು.